ಹಾಳೆ ಹಾಳಾದರೂ ಸರಿ, ಬನ್ನಿ

ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ಭಜನಾ ಮಂಡಳಿ ಇದೆ. ಶನಿವಾರ ಸಂಜೆ ದೇವಸ್ಥಾನದ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಹೆಂಗಸರು ಸೇರುತ್ತಾರೆ. ಅವರಲ್ಲಿ ಸಂಗೀತ ಕಲಿತವರು ಇಬ್ಬರೋ ಮೂವರೋ. ಉಳಿದವರ ಶ್ರುತಿ ಆಚೀಚೆ ಆಗುತ್ತದೆ, ತಾಳ ಮುಂದೆ ಓಡುತ್ತದೆ. ಆದರೂ ಯಾರೂ ಯಾರ ಬಾಯನ್ನೂ ಮುಚ್ಚಿಸುವುದಿಲ್ಲ. ಹಾಡಲು ಬಾರದವರೂ ಕೂತು ಹಾಡುವುದಕ್ಕೆ ನಮ್ಮಲ್ಲಿ ಒಂದು ಜಾಗ ಇದೆ. ಬಣ್ಣಕ್ಕೆ ಅಂಥ ಜಾಗ ನನಗೆ ಎಲ್ಲೂ ಕಂಡಿರಲಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟುವ ತನಕ ಕೈಯಲ್ಲಿ ಕುಂಚ ಇರುತ್ತದೆ. ಆಮೇಲೆ ಕಲಾಶಾಲೆಗೆ ಹೋದವರು ಕಲಾವಿದರು, ಹೋಗದವರು ಪ್ರದರ್ಶನ ನೋಡಲು ಬರುವವರು. ನಡುವೆ ಏನೂ ಇಲ್ಲ. ಆ ನಡುವಿನ ಜಾಗವನ್ನು ನಮ್ಮ ಮನೆಯಲ್ಲೇ ಮಾಡಬೇಕು ಎಂದು ನನಗೆ ಅನ್ನಿಸಿದ್ದು 2013ರ ಬೇಸಿಗೆಯಲ್ಲಿ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಶಾಲೆಯಲ್ಲಿ ಲೋಯರ್ ಪಾಸು ಮಾಡಿದ್ದು ಬಿಟ್ಟರೆ ಚಿತ್ರದ ಸಹವಾಸ ಇರಲಿಲ್ಲ. ನಿವೃತ್ತಿ ಹತ್ತಿರವಾದಾಗ ಸಂಜೆಯ ಜಲವರ್ಣ ತರಗತಿಗೆ ಸೇರಿಕೊಂಡೆ. ‘ದಿನಾ ಒಂದು ಹಾಳೆ ಒದ್ದೆ ಮಾಡಿ, ಸಾಕು’ ಎನ್ನುತ್ತಿದ್ದರು ಗುರುಗಳು. ತರಗತಿಯಲ್ಲಿ ಮಾಡುತ್ತಿದ್ದೆ, ಮನೆಯಲ್ಲಿ ಕೈ ಏಳುತ್ತಿರಲಿಲ್ಲ. ಕಾರಣ ಹಾಳೆ. ಜಲವರ್ಣಕ್ಕೆ ಹತ್ತಿಯಿಂದ ಮಾಡಿದ, ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ ಬೇಕು. ತೆಳು ಹಾಳೆ ನೀರು ತಾಗಿದ ಕೂಡಲೇ ಉಬ್ಬಿ, ಬಣ್ಣವೆಲ್ಲ ತಗ್ಗಿಗೆ ಹೋಗಿ ನಿಲ್ಲುತ್ತದೆ. ಆ ದಪ್ಪ ಹಾಳೆ ದುಬಾರಿ. ಬಿಳಿಯಾಗಿ, ಚೊಕ್ಕವಾಗಿ ಮೇಜಿನ ಮೇಲಿದ್ದ ಅದನ್ನು ಮುಟ್ಟಲು ಭಯ. ಅಂಥ ಹಾಳೆಗಳು ನಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿದ್ದವು.

ಒಂದು ಸಂಜೆ ಬ್ಯಾಂಕಿನ ಗೆಳತಿ ಬಂದಿದ್ದಳು. ‘ಏನೇ ಅದು ಬಣ್ಣ, ತೆಗಿಯೇ ನೋಡೋಣ’ ಎಂದಳು. ಮಗಳ ಮದುವೆ ಮಾತುಕತೆ ಹೇಳುತ್ತಲೇ ಅವಳು ಒಂದು ತುಂಡಿನ ಮೇಲೆ ನೀಲಿ ಎಳೆದಳು, ನಾನು ಇನ್ನೊಂದರ ಮೇಲೆ ಎಳೆದೆ. ಒಬ್ಬಳೇ ಇದ್ದಾಗ ಮುಟ್ಟಲಾಗದ ಹಾಳೆ ಅವಳೆದುರು ಸಲೀಸಾಗಿ ಒದ್ದೆಯಾಯಿತು. ಪಕ್ಕದಲ್ಲಿ ಇನ್ನೊಂದು ಕೈ ಆಡುತ್ತಿದ್ದರೆ ನಮ್ಮ ಕೈಯೂ ಆಡುತ್ತದೆ ಎಂಬುದು ಆ ಸಂಜೆ ನನಗೆ ಗೊತ್ತಾಯಿತು. ಮರುವಾರವೇ ನಾಲ್ಕಾರು ಜನಕ್ಕೆ ಫೋನು ಮಾಡಿದೆ. ‘ಭಾನುವಾರ ಹತ್ತು ಗಂಟೆಗೆ ಬನ್ನಿ, ಬಣ್ಣ ಹಚ್ಚೋಣ. ಚಿತ್ರ ಬರಬೇಕು ಅಂತೇನಿಲ್ಲ. ಹಾಳೆ ಹಾಳಾದರೂ ಸರಿ, ಬನ್ನಿ.’

ಎಲ್ಲರಿಂದಲೂ ಒಂದೇ ಉತ್ತರ: ನನಗೆಲ್ಲಿ ಬರುತ್ತದೆ? ನನ್ನ ನಾದಿನಿಯಂತೂ ‘ಅತ್ತಿಗೆ, ನಂಗೆ ಚಿತ್ರ ಗಿತ್ರ ಏನೂ ಬರಲ್ಲ, ಬೇಕಾದ್ರೆ ಅಡುಗೆಗೆ ಬರ್ತೀನಿ’ ಎಂದಳು. ಬಾಗಿಲ ಮುಂದೆ ಇಪ್ಪತ್ತೊಂದು ಚುಕ್ಕಿ ಇಟ್ಟು, ಒಂದೆಳೆಯೂ ತಪ್ಪದೆ ರಂಗೋಲಿ ಎಳೆದು, ಸುತ್ತಿ ತಂದು ಸೇರಿಸುವವಳು ಹೀಗೆ ಹೇಳಿದಳು. ನಲವತ್ತು ವರ್ಷ ದಿನಾ ಬೆಳಿಗ್ಗೆ ಬರೆದವಳ ಕೈಗೆ ಚಿತ್ರ ಬರುವುದಿಲ್ಲವೆಂದು ಅವಳಿಗೆ ಯಾರು ಹೇಳಿಕೊಟ್ಟರೋ! ಇದು ನನಗೆ ಇವತ್ತಿಗೂ ಸಂಕಟದ ವಿಷಯ. ಎದುರು ಮನೆಯ ನಿವೃತ್ತ ಗಣಿತದ ಮೇಷ್ಟ್ರು ಮಾತ್ರ ‘ಸ್ಕೇಲು ತರಬಹುದೇನ್ರೀ?’ ಎಂದು ಕೇಳಿ ಒಪ್ಪಿಕೊಂಡರು.

ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ. ನಡುಮನೆಯಲ್ಲಿ ಚಾಪೆ ಹಾಸಿ ಮೇಲೆ ಹಳೆಯ ಪತ್ರಿಕೆ ಹರಡಿದೆ. ಅತ್ತೆಯವರ ಕಾಲದ ಊಟದ ಮಣೆಗಳು ಅಟ್ಟದ ಮೇಲಿದ್ದವು. ಅವೇ ಡ್ರಾಯಿಂಗ್ ಬೋರ್ಡುಗಳಾದವು. ಒಂದು ತುದಿಗೆ ದಪ್ಪ ಪುಸ್ತಕ ಕೊಟ್ಟರೆ ಮಣೆ ಸ್ವಲ್ಪ ಓರೆಯಾಗಿ, ಬಣ್ಣದ ನೀರು ತಾನಾಗಿ ಕೆಳಗಿಳಿಯುತ್ತದೆ. 22 ಇಂಚು ಅಗಲ, 30 ಇಂಚು ಉದ್ದದ ದೊಡ್ಡ ಹಾಳೆಯನ್ನು ಎಂಟು ತುಂಡು ಮಾಡಿದೆ. ಇದನ್ನು ಹಿಂದಿನ ರಾತ್ರಿಯೇ ಮಾಡಿಡಬೇಕು. ಇಡೀ ಹಾಳೆ ಎದುರಿಗಿದ್ದರೆ ಜನ ಕೈಕಟ್ಟಿ ಕೂರುತ್ತಾರೆ. ಸಣ್ಣ ತುಂಡು ಕೊಟ್ಟರೆ ಶುರುಮಾಡುತ್ತಾರೆ. ಹಿಂಬದಿಯೂ ಉಪಯೋಗಕ್ಕೆ ಬರುವುದರಿಂದ ಒಂದು ಹಾಳೆಗೆ ಹದಿನಾರು ಅಭ್ಯಾಸ ಆಗುತ್ತದೆ. ಬಣ್ಣ ಕಲಸಲು ಬಿಳಿ ಪಿಂಗಾಣಿ ತಟ್ಟೆ, ಒರೆಸಲು ಹಳೆಯ ಪಂಚೆಯ ತುಂಡು. ಒಬ್ಬೊಬ್ಬರಿಗೆ ಎರಡೆರಡು ಗಾಜಿನ ಲೋಟದಲ್ಲಿ ನೀರು: ಕುಂಚ ತೊಳೆಯಲು ಒಂದು, ಹೊಸ ಬಣ್ಣಕ್ಕೆ ಇನ್ನೊಂದು. ಕಾಫಿಗೆ ಸ್ಟೀಲ್ ಲೋಟ ಮಾತ್ರ, ಹೀಗಾಗಿ ಒಂದರಲ್ಲಿ ಅದ್ದಬೇಕಾದ್ದನ್ನು ಇನ್ನೊಂದರಲ್ಲಿ ಅದ್ದುವ ಭಯವಿಲ್ಲ.

ತಿಂಡಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಣ್ಣದ ಹೊತ್ತಿನಲ್ಲಿ ಹುರಿಗಡಲೆ, ಬಾಳೆಹಣ್ಣು, ಕಾಫಿ, ಅಷ್ಟೆ. ಎಣ್ಣೆಯ ಬೆರಳು ಹಾಳೆಗೆ ತಾಗಿದರೆ ಆ ಜಾಗಕ್ಕೆ ನೀರು ಹಿಡಿಯುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಬೆರಳಿನ ಗುರುತು ಬೆಳ್ಳಗೆ ಎದ್ದು ಕಾಣುತ್ತದೆ. ಮೆಣಸಿನಕಾಯಿ ಬಜ್ಜಿ ಏನಿದ್ದರೂ ಕುಂಚಗಳನ್ನೆಲ್ಲ ತೊಳೆದಿಟ್ಟ ಮೇಲೆ. ಹಗಲು ಹೊತ್ತೇ ಆಗಬೇಕು ಎಂಬುದು ಇನ್ನೊಂದು. ಟ್ಯೂಬ್‌ಲೈಟಿನ ಕೆಳಗೆ ಕಲಸಿದ ಹಸಿರು ಬೆಳಿಗ್ಗೆ ನೋಡಿದರೆ ಬೇರೆಯೇ ಆಗಿರುತ್ತದೆ.

ಮೊದಲ ಭಾನುವಾರ ಎಲ್ಲರ ಮುಂದೆಯೂ ಒಂದೊಂದು ಬದನೆಕಾಯಿ ಇಟ್ಟೆ. ದೇವರಾಜ ಮಾರುಕಟ್ಟೆಯಿಂದ ಆರಿಸಿ ತಂದ, ಹೊಳೆಯುವ, ಉರುಟು ನೇರಳೆ ಬದನೆಕಾಯಿ. ಮುಖ ಬಿಡಿಸಿದರೆ ಹೋಲಿಕೆಯ ಚಿಂತೆ, ಹೂ ಬಿಡಿಸಿದರೆ ಎಸಳಿನ ಚಿಂತೆ. ಬದನೆಕಾಯಿ ಸ್ವಲ್ಪ ಸೊಟ್ಟಗಾದರೂ ಬದನೆಕಾಯಿಯೇ. ಅಲ್ಟ್ರಾಮರೀನ್ ನೀಲಿಗೆ ಕ್ರಿಮ್ಸನ್ ಕೆಂಪು ಸೇರಿಸಿದರೆ ನೇರಳೆ ಆಗುತ್ತದೆ. ಆದರೆ ಅದು ಜಾತ್ರೆಯ ಬಲೂನಿನ ನೇರಳೆ. ಅದಕ್ಕೆ ಚೂರು ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿದರೆ ತರಕಾರಿಯ ನೇರಳೆ ಬರುತ್ತದೆ. ಇಷ್ಟು ಹೇಳಿ ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು, ‘ಅಲ್ರೀ, ಈ ಕಾಯಿ ಮೇಲೆ ನಿಮ್ಮನೆ ಕಿಟಕಿ ಕಾಣ್ತಿದೆಯಲ್ರೀ!’ ಎಂದು ಕೂಗಿದರು. ಎಲ್ಲರೂ ತಮ್ಮ ತಮ್ಮ ಕಾಯಿಯ ಮೇಲೆ ಬಗ್ಗಿ ನೋಡಿದರು. ಹೊಳಪಿನ ಬಿಳಿ ಮಚ್ಚೆಯೊಳಗೆ ಕಿಟಕಿಯ ಸರಳುಗಳು ಬಾಗಿ ನಿಂತಿದ್ದವು. ಜೀವಮಾನವೆಲ್ಲ ಬದನೆಕಾಯಿ ಹೆಚ್ಚಿದ ನಾವು ಅದನ್ನು ನೋಡಿರಲಿಲ್ಲ. ಆ ದಿನ ಹಾಳೆಯ ಮೇಲೆ ಏನು ಬಂತು ಎಂಬುದು ನನಗೆ ಮುಖ್ಯವಲ್ಲ. ಮೇಷ್ಟ್ರ ಆ ಕೂಗಿಗಾಗಿಯೇ ಮತ್ತೆ ಎಲ್ಲರನ್ನೂ ಕರೆದೆ.

ತಿಂಗಳಿಗೊಂದು ಭಾನುವಾರ ಎಂದು ಗೊತ್ತಾಯಿತು. ಮಾತಾಡಿಕೊಳ್ಳದೆಯೇ ಕೆಲವು ನಿಯಮಗಳೂ ಹುಟ್ಟಿದವು. ಚಿತ್ರ ಕಟ್ಟು ಹಾಕಿಸುವಂತಿಲ್ಲ. ಫೋನುಗಳು ಹೂವಿನ ಬುಟ್ಟಿಯಲ್ಲಿ. ಫೋಟೊ ತೆಗೆದು ಯಾರಿಗೋ ಕಳಿಸುತ್ತೇವೆ ಎಂದು ಗೊತ್ತಿದ್ದರೆ ಕೈ ಆಗಲೇ ಬಿಗಿಯಾಗುತ್ತದೆ, ಬರುವುದನ್ನೇ ಮತ್ತೆ ಮತ್ತೆ ಮಾಡುತ್ತದೆ. ಇನ್ನೊಂದು ನಿಯಮ ನಾನೇ ಹಟ ಹಿಡಿದು ತಂದದ್ದು: ಇನ್ನೊಬ್ಬರ ಹಾಳೆ ನೋಡಿ ‘ಚೆನ್ನಾಗಿದೆ’ ಎನ್ನಬಾರದು. ಆ ಮಾತು ಬಾಗಿಲು ಮುಚ್ಚಿಬಿಡುತ್ತದೆ, ಆಮೇಲೆ ಕೇಳುವುದಕ್ಕೂ ಹೇಳುವುದಕ್ಕೂ ಏನೂ ಉಳಿಯುವುದಿಲ್ಲ. ಅದರ ಬದಲು ಕಂಡದ್ದನ್ನು ಹೇಳಿ. ‘ಈ ಅಂಚು ಹೇಗೆ ಇಷ್ಟು ಮೆತ್ತಗಾಯ್ತು?’ ‘ಇಲ್ಲಿ ನೀರು ನಿಂತು ಹೂವಿನ ಹಾಗೆ ಹರಡಿದೆ, ನೋಡಿ.’ ಮೊದಮೊದಲು ಜನ ಮುಜುಗರಪಟ್ಟರು. ಆಮೇಲೆ ಹಾಳೆಯ ಬಗ್ಗೆ ನಡೆದ ಮಾತು ಎಷ್ಟು ಸೊಗಸಾಗಿರುತ್ತಿತ್ತೆಂದರೆ, ಊರಿನ ಬೇರೆ ಯಾವ ಸುದ್ದಿಯೂ ಆ ಎರಡು ಮೂರು ಗಂಟೆ ನಮ್ಮ ನಡುವೆ ಬರುತ್ತಿರಲಿಲ್ಲ.

ಋತುಗಳಿಗೂ ಜಲವರ್ಣಕ್ಕೂ ಇರುವ ನಂಟು ತಿಳಿದದ್ದು ಈ ಭಾನುವಾರಗಳಲ್ಲೇ. ಮಾರ್ಚ್ ತಿಂಗಳಲ್ಲಿ ಬಣ್ಣ ಹಚ್ಚುವಷ್ಟರಲ್ಲಿ ಒಣಗಿ ಅಂಚು ಗಟ್ಟಿಯಾಗುತ್ತದೆ. ಆಕಾಶದ ನೀಲಿ ಪಟ್ಟೆ ಪಟ್ಟೆಯಾಗುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಹಾಳೆ ಒಣಗುವುದೇ ಇಲ್ಲ. ಆಗ ಒಂದು ಬಣ್ಣದ ಪಕ್ಕ ಇನ್ನೊಂದನ್ನು ಇಟ್ಟರೆ ಅವು ನಿಧಾನವಾಗಿ ಒಂದರೊಳಗೊಂದು ಹೋಗುತ್ತವೆ. ಕುಕ್ಕರಹಳ್ಳಿ ಕೆರೆಯ ಮೇಲಿನ ಮೋಡವನ್ನು ಬಿಡಿಸಲು ಅದೇ ಸರಿಯಾದ ಕಾಲ.

ಮಲ್ಲಿಗೆ ಬಿಡಿಸಿದ ಭಾನುವಾರ ಎಲ್ಲರೂ ಬಿಳಿ ಬಣ್ಣ ಕೇಳಿದರು. ನಾನು ಕೊಡಲಿಲ್ಲ. ಜಲವರ್ಣದ ಹಳೆಯ ಪದ್ಧತಿಯಲ್ಲಿ ಬಿಳಿ ಎಂದರೆ ಹಾಳೆಯೇ. ಹೂವನ್ನು ಬಿಡಿಸಬಾರದು, ಹೂವಿನ ಸುತ್ತಲಿನ ಕತ್ತಲೆಯನ್ನು ಬಿಡಿಸಬೇಕು. ಮುಟ್ಟದೆ ಬಿಟ್ಟ ಜಾಗ ಮಲ್ಲಿಗೆಯಾಗುತ್ತದೆ. ಹೇಳಿದರೆ ಯಾರಿಗೂ ನಂಬಿಕೆ ಬರಲಿಲ್ಲ. ಹಾಗಾಗಿ ಮುಂದಿನ ವಾರ ಎಲ್ಲರೂ ಸೇರಿ ಜಗನ್ಮೋಹನ ಅರಮನೆಗೆ ಹೋದೆವು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಆ ಅರಮನೆಯ ಚಿತ್ರಶಾಲೆಯಲ್ಲಿ, ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವಿದೆ. ಮೈಸೂರಿನ ಅರ್ಧ ಮನೆಗಳಲ್ಲಿ ಅದರ ಪ್ರತಿ ಗೋಡೆಯ ಮೇಲಿದೆ. ರವಿವರ್ಮನದು ಎಂದೇ ಬಹಳ ಜನ ಹೇಳುತ್ತಾರೆ, ಬರೆದವರು ಎಸ್.ಎಲ್. ಹಲ್ದನ್‌ಕರ್, 1945–46ರ ಸುಮಾರಿಗೆ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಎಣ್ಣೆಬಣ್ಣವೆಂದು ನಾವೆಲ್ಲ ತಿಳಿದಿದ್ದ ಆ ಚಿತ್ರ ಜಲವರ್ಣ. ಎಣ್ಣೆಬಣ್ಣದಲ್ಲಿ ತಪ್ಪಿದ್ದನ್ನು ಕೆರೆದು ಮತ್ತೆ ಹಚ್ಚಬಹುದು. ಜಲವರ್ಣದಲ್ಲಿ ತಿದ್ದಲು ಅಷ್ಟು ಅವಕಾಶವಿಲ್ಲ. ಅಂಗೈ ಅಡ್ಡ ಹಿಡಿದ ಜ್ವಾಲೆ, ಬೆರಳ ಸಂದಿನಲ್ಲಿ ಕೆಂಪಾಗಿ ಸೋಸಿ ಬರುವ ಬೆಳಕು, ಕೆಳಗಿನಿಂದ ಗಲ್ಲಕ್ಕೆ ಏರುವ ಹೊಳಪು. ಅದರ ಮುಂದೆ ನಿಂತ ನಾದಿನಿ ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ, ‘ಅತ್ತಿಗೆ, ಕತ್ತಲೆ ಎಷ್ಟು ತಾಳ್ಮೆಯಿಂದ ಹಚ್ಚಿದಾರೆ ನೋಡಿದ್ರಾ?’ ಎಂದಳು. ಅಡುಗೆಗೆ ಬರುತ್ತೇನೆ ಎಂದಿದ್ದವಳು ಕತ್ತಲೆಯನ್ನು ನೋಡಿ ಬಂದಿದ್ದಳು. ಆ ಸಂಜೆಯ ಸಂತೋಷ ನನ್ನಲ್ಲಿ ಇನ್ನೂ ಹಾಗೇ ಇದೆ.

ಬೆಂಗಳೂರಿಗೂ ಒಮ್ಮೆ ರೈಲಿನಲ್ಲಿ ಹೋದೆವು, ಕೆ. ವೆಂಕಟಪ್ಪನವರ ಊಟಿಯ ಚಿತ್ರಗಳನ್ನು ನೋಡಲು. ಮೈಸೂರಿನ ಈ ಕಲಾವಿದರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು. ತೆಳುವಾಗಿ ಬಣ್ಣ ಹಚ್ಚಿ, ಒಣಗಿಸಿ, ಇಡೀ ಚಿತ್ರವನ್ನೇ ನೀರಿನಲ್ಲಿ ನೆನೆಸಿ, ಮತ್ತೆ ಹಚ್ಚುವ ವಾಷ್ ಪದ್ಧತಿ ಆ ಗುರುಪರಂಪರೆಯದು. ಮನೆಗೆ ಬಂದು ನಾವೂ ಬಚ್ಚಲಿನ ಟಬ್ಬಿನಲ್ಲಿ ಹಾಳೆ ಮುಳುಗಿಸಿದೆವು. ಒಣಗಿದ ಬಣ್ಣದ ಬಹುಪಾಲು ಹಾಳೆಯಲ್ಲೇ ನಿಂತು, ಮೇಲಿನ ಒರಟುತನ ಮಾತ್ರ ನೀರಿಗೆ ಹೋಯಿತು. ಬೆಟ್ಟದ ಮಂಜು ಎಲ್ಲಿಂದ ಬರುತ್ತದೆ ಎಂದು ಆಗ ಅರ್ಥವಾಯಿತು.

ಆದರೆ ಇಷ್ಟು ಭಾನುವಾರಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದವರು ಸಾಗರದ ಕಡೆಯ ಒಬ್ಬ ಅಮ್ಮ. ನಮ್ಮ ಗುಂಪಿನ ಗೆಳತಿಯೊಬ್ಬಳ ತಾಯಿ. ದೀವರ ಕುಟುಂಬದವರು, ಎಪ್ಪತ್ತೈದು ದಾಟಿದವರು. ಮಗಳ ಮನೆಗೆ ಬಂದಿದ್ದಾಗ ಅವಳ ಜೊತೆ ಬಂದು ಗೋಡೆಗೊರಗಿ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು. ನಾನು ಅವರ ಮುಂದೆಯೂ ಒಂದು ಮಣೆ, ಕುಂಚ ಇಟ್ಟೆ. ನೈಲಾನ್ ಕುಂಚವನ್ನು ಬೆರಳಲ್ಲಿ ಬಗ್ಗಿಸಿ ನೋಡಿದರು. ‘ಇದು ಎಂತ ಕುಂಚ ಮಾರಾಯ್ತಿ, ಇದ್ರಲ್ಲಿ ಗೆರೆ ನಿಲ್ಲೂದಿಲ್ಲ’ ಎಂದು ಕೆಳಗಿಟ್ಟರು. ಮುಂದಿನ ಸಲ ಬಂದಾಗ ಊರಿನಿಂದ ಕಾಗದದಲ್ಲಿ ಸುತ್ತಿ ತಂದದ್ದು ಪುಂಡಿ ನಾರಿನ ಕುಂಚಗಳು. ಅವರು ಚಿತ್ತಾರ ಬರೆಯುವವರು.

ಅಂದು ಅಡುಗೆಮನೆಯೇ ಬಣ್ಣದ ಕಾರ್ಖಾನೆಯಾಯಿತು. ನೆನೆಸಿದ ಅಕ್ಕಿ ನುಣ್ಣಗೆ ರುಬ್ಬಿ ಬಿಳಿ. ಅಕ್ಕಿಯನ್ನು ಬಾಣಲೆಯಲ್ಲಿ ಇದ್ದಿಲಾಗುವ ತನಕ ಹುರಿದು ಅರೆದು ಕಪ್ಪು. ಕೆಮ್ಮಣ್ಣಿನ ಕೆಂಪು. ಹಳದಿಗೆ ಅವರ ಕಡೆ ಗುರಿಗೆ ಕಾಯಿ ಬಳಸುತ್ತಾರೆ. ಅದು ನಮಗೆ ಸಿಗಲಿಲ್ಲ, ಹಳದಿಯಿಲ್ಲದೆಯೇ ನಡೆಯಿತು. ದಪ್ಪ ರಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಆ ಅಮ್ಮ ನಾರಿನ ತುದಿಯನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಗೆರೆ ಎಳೆದರು. ಎಳೆದಾಗ ಗೆರೆ ಕಾಣಿಸಲೇ ಇಲ್ಲ, ಬರೀ ತೇವ. ನಾವು ಮುಖ ಮುಖ ನೋಡಿಕೊಂಡೆವು. ‘ತಡೀರಿ’ ಎಂದರು. ಒಣಗುತ್ತ ಒಣಗುತ್ತ ಗೆರೆ ಬೆಳ್ಳಗೆ ಮೇಲೆದ್ದು ಬಂತು. ಜಲವರ್ಣ ಒದ್ದೆಯಿದ್ದಾಗ ಕಡು, ಒಣಗಿದರೆ ತಿಳಿ. ಅಕ್ಕಿ ಹಿಟ್ಟಿನದು ಇದಕ್ಕೆ ಪೂರಾ ತದ್ವಿರುದ್ಧ. ಈ ಮುಂದಾಲೋಚನೆ ಅವರ ಕೈಯಲ್ಲೇ ಇತ್ತು. ಸ್ಕೇಲಿಲ್ಲದೆ ಎಳೆದ ಗೆರೆಗಳ ಪಕ್ಕ ಮೇಷ್ಟ್ರು ತಮ್ಮ ಸ್ಕೇಲು ಇಟ್ಟು ನೋಡಿ, ಏನೂ ಹೇಳದೆ ಅದನ್ನು ಚೀಲದೊಳಗೆ ಹಾಕಿಕೊಂಡರು.

ಬರೆಯುತ್ತ ಆ ಅಮ್ಮ ಹೇಳಿದ್ದು: ಮದುವೆ ಗೊತ್ತಾದರೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯಬೇಕು. ಕೇರಿಯ ಹೆಂಗಸರೆಲ್ಲ ಸೇರುತ್ತಾರೆ, ಹಾಡು ಹೇಳುತ್ತ ಬರೆಯುತ್ತಾರೆ. ತೇರು, ದಂಡಿಗೆ, ಮದುಮಕ್ಕಳು. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೂ ಚಿತ್ತಾರವಾಗಬೇಕು. ಅದನ್ನು ಹೊತ್ತು ಗದ್ದೆಗೆ ಹೋಗಿ ಫಲ ಹೊತ್ತ ಭೂಮಿಗೆ ಪೂಜೆ ಮಾಡುತ್ತಾರೆ. ‘ಬರೋದಿಲ್ಲ ಅಂದವರು ಏನು ಮಾಡ್ತಿದ್ರಮ್ಮಾ?’ ಎಂದು ನಾದಿನಿ ಕೇಳಿದಳು. ‘ಹಂಗಂತ ಯಾರು ಹೇಳ್ತಾರೆ? ಸಣ್ಣ ಹುಡುಗೀರು ಮೂಲೇಲಿ ಗೆರೆ ಎಳೀತಾವೆ. ಎಳೀತಾ ಎಳೀತಾ ಬರ್ತದೆ’ ಎಂದರು.

ನಾನು ನಮ್ಮ ಮನೆಯಲ್ಲಿ ಹೊಸದಾಗಿ ಮಾಡಬೇಕೆಂದು ಹೊರಟದ್ದು ಅವರ ಕೇರಿಯಲ್ಲಿ ತಲೆಮಾರುಗಳಿಂದ ಇತ್ತು. ಗೋಡೆಯ ಮೂಲೆಯೇ ಅಭ್ಯಾಸದ ಹಾಳೆ, ದೊಡ್ಡವರ ಪಕ್ಕದಲ್ಲಿ ಕೂರುವುದೇ ಪಾಠ, ಮದುವೆ ಎಂಬ ಕಾರಣವೇ ಆಹ್ವಾನ. ಸಿಮೆಂಟಿನ ಗೋಡೆ ಬಂದು ಎಮಲ್ಷನ್ ಬಣ್ಣ ಏರಿದ ಮೇಲೆ ಆ ಗೋಡೆ ಹೋಯಿತು, ಅದರ ಜೊತೆ ಆ ಮೂಲೆಯೂ ಹೋಯಿತು. ಇಂದು ಚಿತ್ತಾರ ಬಲ್ಲ ಕಲಾವಿದರಿಗೆ ಪ್ರಶಸ್ತಿ ಬರುತ್ತದೆ, ಕ್ಯಾನ್ವಾಸಿನ ಮೇಲೆ ಬರೆದದ್ದು ಮಾರಾಟವೂ ಆಗುತ್ತದೆ. ಅದು ಆಗಲೇಬೇಕಾದ ಗೌರವ. ಆದರೆ ಮೂಲೆಯಲ್ಲಿ ಗೆರೆ ಎಳೆಯುತ್ತಿದ್ದ ಹುಡುಗಿಗೆ ಆ ಮೂಲೆಯನ್ನು ಪ್ರಶಸ್ತಿ ಮರಳಿ ಕೊಡುವುದಿಲ್ಲ. ಅದನ್ನು ಮನೆಗಳೇ ಕೊಡಬೇಕು.

ಆ ದಿನದಿಂದ ನಮ್ಮ ಭಾನುವಾರಗಳಿಗೆ ಮಕ್ಕಳನ್ನೂ ಕರೆಯತೊಡಗಿದೆ, ಅವರಿಗೆ ಬೇರೆ ಪಾಠವಿಲ್ಲ, ಬೇರೆ ಹಾಳೆಯಿಲ್ಲ. ದೊಡ್ಡವರ ಹಾಳೆಯ ಅಂಚಿನಲ್ಲೇ ಅವರ ಜಾಗ. ಮೇಷ್ಟ್ರ ಮೊಮ್ಮಗಳು ಅಜ್ಜನ ಆಕಾಶದ ಕೆಳಗೆ ಹಸು ಬಿಡಿಸಿದರೆ ಮೇಷ್ಟ್ರು ಬೇಲಿ ಹಾಕಿಕೊಟ್ಟರು. 2020ರಲ್ಲಿ ಎಲ್ಲ ನಿಂತಿತು. ಮನೆಯಲ್ಲೇ ಕೂತು ಎಲ್ಲರೂ ಒಂದೇ ಹೊತ್ತಿಗೆ ಒಂದೊಂದು ನಿಂಬೆಹಣ್ಣು ಬಿಡಿಸಿದೆವು, ಫೋನಿನಲ್ಲಿ ಮಾತಾಡುತ್ತ. ಅದು ಕೂಡಿ ಕೂತ ಹಾಗಾಗಲಿಲ್ಲ. ಪಕ್ಕದವರ ಕುಂಚ ಲೋಟಕ್ಕೆ ತಾಗುವ ಸದ್ದು ಕೇಳದಿದ್ದರೆ ನನ್ನ ಕೈ ಈಗಲೂ ತಡೆಯುತ್ತದೆ.

ಸಾಗರದ ಆ ಅಮ್ಮ ಈಗಿಲ್ಲ. ಅವರು ಬಿಟ್ಟುಹೋದ ಪುಂಡಿ ನಾರಿನ ಕುಂಚಗಳಲ್ಲಿ ಒಂದನ್ನು ನಾದಿನಿ ಕೇಳಿ ಪಡೆದಳು. ಅವಳು ಈಗ ತನ್ನ ಮನೆಯಲ್ಲೇ, ಬೋಗಾದಿಯ ಕಡೆ, ಇನ್ನೊಂದು ಗುಂಪು ಸೇರಿಸುತ್ತಾಳೆ. ಅಲ್ಲಿಗೆ ಬರುವ ಹೆಚ್ಚಿನವರನ್ನು ನಾನು ಬಲ್ಲೆನೆಂದೇನಿಲ್ಲ. ಯಾರೋ ಬಟ್ಟೆ ಹೊಲಿಯುವವರು, ಒಬ್ಬರು ನರ್ಸು, ಕಾಲೇಜಿನ ಇಬ್ಬರು ಹುಡುಗರು.

ಓದುತ್ತಿರುವ ನಿಮ್ಮಲ್ಲಿ ಒಂದು ಕೋರಿಕೆ. ಕಲಿಸಲು ಗುರುಗಳು ಸಿಗಲಿ ಎಂದು ಕಾಯಬೇಡಿ. ಒಂದು ದೊಡ್ಡ ಹಾಳೆ ತಂದು ರಾತ್ರಿಯೇ ಎಂಟು ತುಂಡು ಮಾಡಿಡಿ. ಮೂರು ಬಣ್ಣ ಸಾಕು: ಒಂದು ನೀಲಿ, ಒಂದು ಕೆಂಪು, ಒಂದು ಹಳದಿ. ಬರುವುದಿಲ್ಲ ಎನ್ನುವವರನ್ನೇ ಮೊದಲು ಕರೆಯಿರಿ, ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಬಜ್ಜಿ ಮಾತ್ರ ಕೊನೆಗೆ ಕೊಡಿ.